ಮಗನಿಗೆಂದು ಮಾಡಿದ ತೂಬು

ಕೆರೆಗೆ ನೀರು ಎಷ್ಟು ಬಂದರೂ ತೂಬೂ ಕೋಡಿಯೂ ನೆಟ್ಟಗಿದ್ದರೆ ಏರಿಗೆ ಭಯವಿಲ್ಲ. ಅವು ಕಟ್ಟಿಕೊಂಡರೆ ಊರನ್ನು ಪೊರೆಯುವ ನೀರೇ ಊರಿಗೆ ಮುಳುವಾಗುತ್ತದೆ. ನಮ್ಮ ತಲೆಯೊಳಗೂ ಇಂಥದೊಂದು ಏರ್ಪಾಡಿದೆ. ಮಿದುಳನ್ನು ಸುತ್ತುವರಿದು ಕಾಯುವ ತಿಳಿಯಾದ ದ್ರವವು ವಯಸ್ಕರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರಿನಷ್ಟು ಒಸರುತ್ತದೆ. ಅಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಮರಳುತ್ತದೆ. ಮರಳುವ ದಾರಿ ಮುಚ್ಚಿದರೆ ದ್ರವ ಒಳಗೇ ತುಂಬಿ ಮಿದುಳನ್ನು ಒತ್ತತೊಡಗುತ್ತದೆ. ಇದೇ ಹೈಡ್ರೋಸೆಫಾಲಸ್ ಎಂಬ ವ್ಯಾಧಿ.

ಮಕ್ಕಳ ಕಥೆಗಳಿಂದ ಲೋಕಪ್ರಸಿದ್ಧರಾದ ರೋಆಲ್ಡ್ ಡಾಲ್ ಅವರ ಮನೆಯನ್ನು ಈ ವ್ಯಾಧಿ ಹೊಕ್ಕದ್ದು 1960ರ ಡಿಸೆಂಬರಿನಲ್ಲಿ. ನ್ಯೂಯಾರ್ಕಿನ ಬೀದಿಯೊಂದರಲ್ಲಿ ಅವರ ನಾಲ್ಕು ತಿಂಗಳ ಮಗ ಥಿಯೋ ಮಲಗಿದ್ದ ತಳ್ಳುಗಾಡಿಗೆ ಟ್ಯಾಕ್ಸಿಯೊಂದು ಬಡಿಯಿತು. ಮಗುವಿನ ತಲೆಗೆ ತೀವ್ರವಾದ ಪೆಟ್ಟಾಯಿತು, ದ್ರವ ತುಂಬತೊಡಗಿತು. ಅದನ್ನು ಹೊರಸಾಗಿಸಲು ವೈದ್ಯರು ಸಣ್ಣ ಕೊಳವೆಯೊಂದನ್ನು ಒಳಗಿರಿಸಿದರು. ಆದರೆ ಕೊಳವೆಯ ಕವಾಟ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಪ್ರತಿ ಸಲವೂ ನೋವು, ದೃಷ್ಟಿ ಮಂಜಾಗುವಿಕೆ, ಮತ್ತೊಂದು ಶಸ್ತ್ರಚಿಕಿತ್ಸೆ.

ಇಂಥ ಸಂಕಟದಲ್ಲಿ ತಂದೆಯೊಬ್ಬ ಏನು ಮಾಡಬಲ್ಲ? ಇದಕ್ಕೆ ಮೊದಲೇ ಅಮೆರಿಕದಲ್ಲಿ ಜಾನ್ ಹೋಲ್ಟರ್ ಎಂಬ ಯಂತ್ರಕುಶಲಿ ತನ್ನ ಮಗ ಕೇಸಿಗಾಗಿ, ಶಸ್ತ್ರವೈದ್ಯ ಯೂಜೀನ್ ಸ್ಪಿಟ್ಜ್ ಅವರೊಡನೆ ದುಡಿದು, 1956ರಲ್ಲಿ ಸಿಲಿಕೋನಿನ ಕವಾಟವೊಂದನ್ನು ಸಿದ್ಧಪಡಿಸಿದ್ದ. ಕೇಸಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರೂ ಆ ಕವಾಟ ಅಸಂಖ್ಯ ಮಕ್ಕಳನ್ನು ಉಳಿಸಿತು. ಡಾಲ್ ಅವರಾದರೋ ಯಂತ್ರಜ್ಞರಲ್ಲ, ಕಥೆಗಾರರು. ಆದರೆ ಆಟಿಕೆಯ ವಿಮಾನ ಹಾರಿಸುವ ಹವ್ಯಾಸದಿಂದ ಸ್ಟ್ಯಾನ್ಲಿ ವೇಡ್ ಎಂಬ ಎಂಜಿನಿಯರರ ಪರಿಚಯ ಅವರಿಗಿತ್ತು. ಆ ವಿಮಾನಗಳ ಪುಟ್ಟ ಎಂಜಿನುಗಳಿಗೆ ಇಂಧನ ಹಾಯಿಸುವ ಸೂಕ್ಷ್ಮ ಪಂಪುಗಳನ್ನು ರೂಪಿಸಿದವರು ವೇಡ್. ಹನಿ ಇಂಧನವನ್ನು ಹದವಾಗಿ ಹಾಯಿಸಬಲ್ಲ ಕೈ ಮಿದುಳಿನ ದ್ರವವನ್ನೇಕೆ ಹಾಯಿಸಲಾರದು?

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯ ಕೆನೆತ್ ಟಿಲ್ ತೊಡಕಿನ ಮೂಲವನ್ನು ತಿಳಿಸಿಕೊಟ್ಟರು. ಪೆಟ್ಟಿನಿಂದ ಒಸರಿದ ರಕ್ತದ ಕಶ್ಮಲವೇ ಕವಾಟದ ಸೀಳುಗಳನ್ನು ಮುಚ್ಚುತ್ತಿತ್ತು. ಆಗ ವೇಡ್ ಅವರು ಸೀಳುಗಳಿಗೆ ಬದಲಾಗಿ ಎರಡು ಪುಟ್ಟ ಲೋಹದ ಬಿಲ್ಲೆಗಳನ್ನು ಅಳವಡಿಸಿದರು. ಮೇಲಿನ ಒತ್ತಡಕ್ಕೆ ಅವು ಸರಿದು ದಾರಿ ಬಿಡುತ್ತವೆ. ದ್ರವ ಹಿಂದಕ್ಕೆ ಹರಿಯಬಂದರೆ ಮುಚ್ಚಿಕೊಳ್ಳುತ್ತವೆ. ವೇಡ್-ಡಾಲ್-ಟಿಲ್ ಎಂಬ ಹೆಸರಿನ ಈ ಕವಾಟ 1962ರಲ್ಲಿ ಬಳಕೆಗೆ ಬಂದಿತು. ಅದರಿಂದ ಲಾಭ ಪಡೆಯಬಾರದೆಂದು ಮೂವರೂ ಒಪ್ಪಿಕೊಂಡಿದ್ದರು.

ವಿಧಿಯ ವೈಚಿತ್ರ್ಯವನ್ನು ನೋಡಿ. ಕವಾಟ ಸಿದ್ಧವಾಗುವ ವೇಳೆಗೆ ಥಿಯೋ ಚೇತರಿಸಿಕೊಂಡಿದ್ದ. ಅವನಿಗೆ ಅದು ಬೇಕಾಗಲೇ ಇಲ್ಲ. ಅದೇ ವರ್ಷದ ನವೆಂಬರಿನಲ್ಲಿ, ದಡಾರದಿಂದ ಮಿದುಳಿಗೆ ಉರಿಯೂತ ತಗಲಿ, ಡಾಲ್ ಅವರ ಹಿರಿಯ ಮಗಳು ಒಲಿವಿಯಾ ಏಳನೆಯ ವಯಸ್ಸಿನಲ್ಲಿ ತೀರಿಕೊಂಡಳು. ಒಂದು ಮಗುವಿಗಾಗಿ ಅಷ್ಟೆಲ್ಲ ಹೆಣಗಿದ ತಂದೆಗೆ ಇನ್ನೊಂದು ಮಗುವನ್ನು ಉಳಿಸಿಕೊಳ್ಳುವ ದಾರಿ ತೆರೆಯಲಿಲ್ಲ.

1964ರಲ್ಲಿ ಪ್ರಕಟವಾದ ಚಾರ್ಲಿ ಮತ್ತು ಚಾಕೊಲೇಟ್ ಕಾರ್ಖಾನೆಯ ಕಥೆಯನ್ನು ಡಾಲ್ ಥಿಯೋಗೆ ಅರ್ಪಿಸಿದರು. ಆ ಪುಸ್ತಕ ಇಂದಿಗೂ ಮಕ್ಕಳ ಕೈಯಲ್ಲಿದೆ. ಕವಾಟದ ಸ್ಥಾನವನ್ನು ಮುಂದೆ ಬೇರೆ ಸಾಧನಗಳು ಪಡೆದುಕೊಂಡವು. ಆದರೆ ಅಷ್ಟರಲ್ಲಿ ಅದು ಎರಡು-ಮೂರು ಸಾವಿರ ಮಕ್ಕಳ ತಲೆಯೊಳಗೆ ಸದ್ದಿಲ್ಲದೆ ತನ್ನ ಕೆಲಸ ಮಾಡಿತ್ತು. ಅವರಲ್ಲಿ ಎಷ್ಟೋ ಮಂದಿ ಬೆಳೆದು ಆ ಕಥೆಯನ್ನು ಓದಿರಲೂ ಬಹುದು. ಕಥೆಗಾರನಿಗೂ ತಮಗೂ ಇದ್ದ ಇನ್ನೊಂದು ನಂಟನ್ನು ಅರಿಯದೆಯೇ.