ಕಂಬದ ತನಕ ಬರಬೇಕಾದ ಪಾಠ

(ದುಬೈನಲ್ಲಿ ನಮ್ಮ ಬಳಗದ ವಾರ್ಷಿಕ ಸಭೆಯಲ್ಲಿ ಆಡಿದ ಮಾತು)



‘ಸರ್ಕಾರಿ ನೌಕರರಿಗೆ ಎಐ ತರಬೇತಿ’ ಅಂತ ವಿಷಯ ಕೊಟ್ಟು, ಐಟಿಐ ಓದಿದ ಎಲೆಕ್ಟ್ರಿಷಿಯನ್ನನ್ನ ಮೈಕ್ ಮುಂದೆ ನಿಲ್ಲಿಸಿದ್ದೀರಿ. ಇರಲಿ. ನಾವು ದುಡಿಯುವ ಈ ದೇಶ 2017ರಲ್ಲೇ ಎಐಗೆ ಅಂತ ಒಬ್ಬ ಮಂತ್ರಿಯನ್ನು ನೇಮಿಸಿತು. 2024ರಲ್ಲಿ ದುಬೈ ಸರ್ಕಾರ ತನ್ನ ಇಲಾಖೆಗಳಿಗೆ 22 ಮಂದಿ ಎಐ ಮುಖ್ಯಾಧಿಕಾರಿಗಳನ್ನು ಹೆಸರಿಸಿತು. ನಮ್ಮಲ್ಲೂ ಕೇಂದ್ರ ಸರ್ಕಾರ 2020ರಲ್ಲಿ ‘ಮಿಷನ್ ಕರ್ಮಯೋಗಿ’ಗೆ ಒಪ್ಪಿಗೆ ಕೊಟ್ಟಿತು, ನೌಕರರು ಮೊಬೈಲಲ್ಲೇ ಪಾಠ ಕೇಳಬಹುದು. ಒಳ್ಳೇದೇ. ಆದರೆ ಆ ಪಾಠ ಮೇಜಿನ ಹತ್ತಿರ ನಿಲ್ಲಬಾರದು, ಕಂಬದ ತನಕ ಬರಬೇಕು ಅನ್ನೋದು ನನ್ನ ಮಾತು.

ಯಾಕೆ ಅಂತೀರಾ? ಕಪ್ಪು ವೈರನ್ನೇ ತಗೊಳ್ಳಿ. ನಮಗೆ ಐಟಿಐನಲ್ಲಿ ಕಪ್ಪು ಅಂದ್ರೆ ನ್ಯೂಟ್ರಲ್ ಅಂತ ಕಲಿಸಿದರು. ಅಮೆರಿಕದಲ್ಲಿ ಕಪ್ಪು ಅಂದ್ರೆ ಫೇಸ್, ಕರೆಂಟ್ ಹರಿಯೋ ವೈರು. ಇಂಗ್ಲೆಂಡಿನಲ್ಲಿ ಮೊದಲು ನ್ಯೂಟ್ರಲ್ ಆಗಿದ್ದ ಕಪ್ಪು, ಹೊಸ ನಿಯಮದಲ್ಲಿ ಫೇಸ್ ಆಯ್ತು. 2006ರ ಏಪ್ರಿಲ್‌ನಿಂದ ಹೊಸ ವೈರಿಂಗಿಗೆಲ್ಲ ಅದೇ ಕಡ್ಡಾಯ. ಹಳೇ ಕಟ್ಟಡಗಳಲ್ಲಿ ಹಳೇ ಬಣ್ಣ ಹಾಗೇ ಇದೆ. ಈಗ ಯಾವ ದೇಶ ಅಂತ ಹೇಳದೆ ‘ಕಪ್ಪು ವೈರ್ ಯಾವುದು’ ಅಂತ ಎಐಯನ್ನ ಕೇಳಿದ್ರೆ ಅದು ಯಾವ ಊರಿನ ಉತ್ತರ ಕೊಟ್ಟೀತು? ಎಲ್ಲಿಯದಾದರೂ ಕೊಡಬಹುದು, ಅದೂ ಒಂಚೂರೂ ಅನುಮಾನ ಇಲ್ಲದ ಧಾಟಿಯಲ್ಲಿ. ಕಚೇರಿಯಲ್ಲಿ ಕಾಗದ ತಪ್ಪಿದ್ರೆ ತಿದ್ದಬಹುದು. ಇಲ್ಲಿ ತಿದ್ದೋಕೆ ಆಳೇ ಉಳಿಯಲ್ಲ. ಹಾಗಾಗಿ ಯಾವ ದೇಶ, ಎಷ್ಟು ಹಳೇ ಕಟ್ಟಡ ಅಂತ ಸೇರಿಸಿ ಕೇಳೋದು, ಆಮೇಲೂ ಟೆಸ್ಟರ್ ಹಚ್ಚಿ ನೋಡೋದು, ಇಷ್ಟನ್ನ ಮೊದಲು ಕಲಿಸಬೇಕು.

ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಐಟಿಐ ಗೆಳೆಯರು ಊರಲ್ಲಿ ಪವರ್‌ಮ್ಯಾನ್ ಆಗಿದ್ದಾರೆ. ಲೈನ್ ಕ್ಲಿಯರ್ ಸಿಕ್ಕಿತು, ಕಂಪ್ಯೂಟರಲ್ಲೂ ಫೀಡರ್ ಆಫ್ ಅಂತ ತೋರಿಸ್ತು ಅನ್ನಿ. ಆದರೆ ಯಾವನೋ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಾಕಿಕೊಂಡಿದ್ರೆ ಕರೆಂಟು ಹಿಂದಕ್ಕೆ ಲೈನಿಗೆ ಬರುತ್ತೆ. ಅದಕ್ಕೇ ಅರ್ಥ್ ಮಾಡದೆ ಲೈನ್ ಮುಟ್ಟೋ ಹಾಗಿಲ್ಲ. ಯಾವ ಅಂಗಡಿಯಲ್ಲಿ, ಯಾವ ಕಲ್ಯಾಣ ಮಂಟಪದಲ್ಲಿ ಜನರೇಟರ್ ಇದೆ ಅಂತ ಗೊತ್ತಿರೋದು ಆ ಪವರ್‌ಮ್ಯಾನಿಗೆ. ಅವನ ತಲೆಯಲ್ಲಿರೋದನ್ನ ಕಂಪ್ಯೂಟರಿಗೆ ತುಂಬಿಸೋದು ಹೇಗೆ ಅಂತ ಅವನಿಗೇ ಕಲಿಸಿದ್ರೆ ಅದು ತರಬೇತಿ. ವಿಡಿಯೋ ಓಡಿಸಿ ಸರ್ಟಿಫಿಕೇಟ್ ಇಳಿಸಿಕೊಳ್ಳೋದನ್ನ ತರಬೇತಿ ಅಂತ ನಾನಂತೂ ಕರೆಯಲ್ಲ.

ಅದೂ ಕನ್ನಡದಲ್ಲಿ ಆಗಬೇಕು, ಡ್ಯೂಟಿ ಟೈಮಲ್ಲೇ ಆಗಬೇಕು. ಮಳೆಗಾಲದಲ್ಲಿ ದಿನವಿಡೀ ಕಂಬ ಹತ್ತಿ ಇಳಿದವನಿಗೆ ‘ರಾತ್ರಿ ಮನೇಲಿ ಮೊಬೈಲ್ ನೋಡಿ ಕಲಿತುಕೋ’ ಅಂದ್ರೆ ಅವನು ಊಟ ಮಾಡಿ ಮಲಗ್ತಾನೆ. ನಾನಾದ್ರೂ ಅಷ್ಟೇ.