ಪ್ಲಗ್ ಕಿತ್ತ ಮೇಲೆ ಕೇಳಿಸಿದ್ದು

ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ. ಇವತ್ತಿನ ಮಾತು ಸಣ್ಣ ದನಿಯ ಬಗ್ಗೆ.

ಬಿ.ಕಾಂ ಓದುವಾಗ ಎರಡು ಸೀಸನ್ ನಾನು ಗಂಗಾವತಿಯ ಒಂದು ಆರ್ಕೆಸ್ಟ್ರಾದ ಜೊತೆ ತಿರುಗಿದೆ. ಹಾಡೋಕಲ್ಲ, ವೈರ್ ಸುತ್ತೋಕೆ. ಮದುವೆ, ಜಾತ್ರೆ, ಗಣೇಶನ ಹಬ್ಬ, ಎಲ್ಲಿ ಕರೆದರೂ ಟಾಟಾ ಏಸ್‌ನಲ್ಲಿ ಬಾಕ್ಸ್ ಹೇರ್ಕೊಂಡು ಹೋಗೋದು. ನಿಧಾನಕ್ಕೆ ಮಿಕ್ಸರ್ ಮುಂದೆ ಕೂರೋಕೂ ಬಿಟ್ಟರು. ಅಲ್ಲಿ ಕಲಿತ ಮೊದಲ ಪಾಠ ಒಂದೇ: ಗಾಯಕನ ಶ್ರುತಿ ತಪ್ಪಿದರೆ ಬೇಸ್ ಏರಿಸು. ಸುಳ್ಳಲ್ಲ ನೋಡ್ರಿ. ಸೌಂಡ್ ಒಂದು ಮಟ್ಟ ದಾಟಿದ ಮೇಲೆ ಯಾರಿಗೂ ತಪ್ಪು ಕೇಳಿಸೋದಿಲ್ಲ. ಎದೆಗೆ ಗುದ್ದುತ್ತದೆ, ಜನ ಕುಣಿಯುತ್ತಾರೆ, ಮುಗೀತು.

ಅದೇ ಹೊತ್ತಿಗೆ, 2016ರಲ್ಲಿ, ಜಿಯೋ ಸಿಮ್ ಬಂತು. ನಮ್ಮ ಕೊಪ್ಪಳದ ಹುಡುಗರಿಗೆ ಜಗತ್ತು ತೆರೆದದ್ದು ಅವಾಗ. ಹಾಸ್ಟೆಲ್‌ನಲ್ಲಿ ರಾತ್ರಿ ಎರಡು ಗಂಟೆಗೆ ಯೂಟ್ಯೂಬ್ ತಾನಾಗಿಯೇ ಒಂದು ವಿಡಿಯೋ ಹಚ್ಚಿತು. ಹಸಿರು ಸ್ವೆಟರ್ ಹಾಕಿದ, ಎಣ್ಣೆ ಕಾಣದ ಕೂದಲಿನ ಒಬ್ಬ ಮನುಷ್ಯ ಕುರ್ಚಿ ಮೇಲೆ ಕೂತು ಗಿಟಾರ್ ನುಡಿಸ್ತಿದ್ದ. ಸುತ್ತ ಬಿಳಿ ಲಿಲ್ಲಿ ಹೂವು, ಮೇಣದ ಬತ್ತಿ. ಹೆಸರು ಕರ್ಟ್ ಕೋಬೈನ್. ಬ್ಯಾಂಡ್ ನಿರ್ವಾಣ. ಹೆಸರು ನೋಡಿ ಯಾವುದೋ ಧ್ಯಾನದ ಸಂಗೀತ ಇರಬೇಕು ಅಂದ್ಕೊಂಡಿದ್ದೆ, ನಗಬೇಡಿ.

ಆ ಆಲ್ಬಂ 'ಎಂಟಿವಿ ಅನ್‌ಪ್ಲಗ್ಡ್ ಇನ್ ನ್ಯೂಯಾರ್ಕ್'. ರೆಕಾರ್ಡ್ ಆದದ್ದು 1993ರ ನವೆಂಬರ್ 18ರಂದು, ನ್ಯೂಯಾರ್ಕಿನ ಸೋನಿ ಸ್ಟುಡಿಯೋದಲ್ಲಿ. ನಾನು ಆಗಿನ್ನೂ ಹುಟ್ಟಿರಲಿಲ್ಲ. ಕೊಪ್ಪಳ ಜಿಲ್ಲೆಯೂ ಹುಟ್ಟಿರಲಿಲ್ಲ, ಅದು ರಾಯಚೂರಿನಿಂದ ಬೇರೆಯಾಗಿದ್ದು 1997ರಲ್ಲಿ.

ಈ ಬ್ಯಾಂಡ್ ಎಷ್ಟು ಗದ್ದಲದ್ದು ಅಂತ ತಿಳಿಯದೆ ಈ ಆಲ್ಬಂ ಅರ್ಥ ಆಗೋದಿಲ್ಲ. 1991ರ ಸೆಪ್ಟೆಂಬರ್‌ನಲ್ಲಿ 'ನೆವರ್‌ಮೈಂಡ್' ಬಂತು, 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಜಗತ್ತಿಡೀ ಓಡಿತು. ಇವರ ಹಾಡಿನ ಲೆಕ್ಕ ಸರಳ: ಸಣ್ಣಗೆ ಶುರು, ನಂತರ ಒಮ್ಮೆಲೇ ಸಿಡಿಲು, ಮತ್ತೆ ಸಣ್ಣಗೆ. ಶೋ ಮುಗಿದ ಮೇಲೆ ಗಿಟಾರು, ಡ್ರಮ್ಮು ಒಡೆದು ಹಾಕ್ತಿದ್ದರು. ಡ್ರಮ್ಮರ್ ಡೇವ್ ಗ್ರೋಲ್ ಬಾರಿಸೋದು ನೋಡಿದರೆ ನಮ್ಮ ಅಲಾಯಿ ಕುಣಿತದ ಹಲಗಿಯವರೇ ಪಕ್ಕಕ್ಕೆ ಸರಿದು ನಿಲ್ಲಬೇಕು. ಅಂಥವರನ್ನ ಕರೆದು ಪ್ಲಗ್ ತೆಗೆದು ನುಡಿಸ್ರಪಾ ಅಂದರೆ?

ಎಂಟಿವಿಯ ಈ ಕಾರ್ಯಕ್ರಮ 1989ರಿಂದಲೇ ಇತ್ತು. ಎರಿಕ್ ಕ್ಲಾಪ್ಟನ್ 1992ರಲ್ಲಿ ಮಾಡಿದ್ದ ಆಲ್ಬಂ ಭರ್ಜರಿ ಮಾರಾಟ ಆಗಿತ್ತು. ಬಂದವರು ಸಾಮಾನ್ಯವಾಗಿ ಮಾಡ್ತಿದ್ದದ್ದು ಏನಂದ್ರ, ತಮ್ಮ ಹಿಟ್ ಹಾಡುಗಳನ್ನೇ ಮರದ ಗಿಟಾರಿನಲ್ಲಿ ನುಡಿಸಿ ಚಪ್ಪಾಳೆ ತಗೊಂಡು ಹೋಗೋದು. ನಿರ್ವಾಣ ಅದನ್ನ ಮಾಡಲಿಲ್ಲ. 'ಟೀನ್ ಸ್ಪಿರಿಟ್' ನುಡಿಸಲೇ ಇಲ್ಲ! ದೊಡ್ಡ ಹಿಟ್ ಅಂದರೆ 'ಕಮ್ ಆ್ಯಸ್ ಯು ಆರ್' ಒಂದೇ. ಒಟ್ಟು 14 ಹಾಡಿನಲ್ಲಿ 6 ಬೇರೆಯವರವು. ಅದರಲ್ಲೂ ಮೂರು 'ಮೀಟ್ ಪಪೆಟ್ಸ್' ಅನ್ನೋ ಬ್ಯಾಂಡಿನವು. ಆ ಬ್ಯಾಂಡಿನ ಕರ್ಕ್‌ವುಡ್ ಸಹೋದರರನ್ನೇ ಕರೆದು ಪಕ್ಕಕ್ಕೆ ಕೂರಿಸ್ಕೊಂಡ. ಚಾನೆಲ್‌ನವರಿಗೆ ಇನ್ನೂ ದೊಡ್ಡ ಹೆಸರಿನ ಅತಿಥಿ ಬೇಕಿತ್ತಂತೆ. ಕೋಬೈನ್‌ಗೆ ತಾನು ಇಷ್ಟಪಟ್ಟವರು ಬೇಕಿತ್ತು.

ಈಗ ನನ್ನ ಮಿಕ್ಸರ್ ಬುದ್ಧಿ ಸ್ವಲ್ಪ ಖರ್ಚು ಮಾಡ್ತೀನಿ, ಸಹಿಸ್ಕೊಳ್ಳಿ. ಎಲೆಕ್ಟ್ರಿಕ್ ಗಿಟಾರಿಗೆ ಡಿಸ್ಟಾರ್ಷನ್ ಹಾಕಿದಾಗ ಆಗೋದೇನು? ಸಿಗ್ನಲ್‌ನ ಮೇಲ್ತುದಿ ಕತ್ತರಿಸಿ ಹೋಗುತ್ತದೆ. ಮೆಲ್ಲಗೆ ಮೀಟಿದರೂ, ಜೋರಾಗಿ ಮೀಟಿದರೂ ಹೆಚ್ಚೂ ಕಡಿಮೆ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಬೆರಳಿನ ಭಾರ, ಅಂಜಿಕೆ, ಅನುಮಾನ, ಎಲ್ಲ ಒಂದೇ ಗೋಡೆಯೊಳಗೆ ಸೇರಿ ಹೋಗ್ತವೆ. ಮರದ ಗಿಟಾರ್ ಹಂಗಲ್ಲ. ತಂತಿ ಮೇಲೆ ಬೆರಳು ಜಾರಿದ ಕಿರ್ರ್ ಅನ್ನೋ ಸದ್ದೂ ಕೇಳಿಸುತ್ತದೆ. ಉಸಿರು ಎಳೆದದ್ದೂ ಕೇಳಿಸುತ್ತದೆ. ನಿರ್ವಾಣದ ಗುಟ್ಟೆಲ್ಲ ಸಣ್ಣದು-ದೊಡ್ಡದರ ಜಿಗಿತದಲ್ಲಿತ್ತಲ್ಲ, ಆ ಜಿಗಿತವನ್ನ ಇಲ್ಲಿ ಕೋಬೈನ್ ಗಂಟಲೊಂದರಿಂದಲೇ ಮಾಡಬೇಕಾಯ್ತು. ಗ್ರೋಲ್ ಕೈಗೆ ನಿರ್ಮಾಪಕ ಅಲೆಕ್ಸ್ ಕೊಲೆಟ್ಟಿ ಬ್ರಷ್ ಮತ್ತು ಹಗುರ ಕಡ್ಡಿ ತಂದುಕೊಟ್ಟರು. ಲೋರಿ ಗೋಲ್ಡ್‌ಸ್ಟನ್ ಚೆಲ್ಲೋ ಹಿಡಿದರು. ಚೆಲ್ಲೋ ಅಂದರೆ ಪಿಟೀಲಿನ ದೊಡ್ಡಪ್ಪ, ಎರಡು ಕಾಲಿನ ನಡುವೆ ನಿಲ್ಲಿಸಿ ನುಡಿಸೋದು.

ಒಂದು ಗುಟ್ಟು ಹೇಳಲೇ? ಪ್ಲಗ್ ಪೂರ್ತಿ ಕಿತ್ತಿರಲಿಲ್ಲ. ಕೋಬೈನ್ ಹಟ ಹಿಡಿದು ತನ್ನ ಗಿಟಾರನ್ನ ಆಂಪ್ಲಿಫೈಯರ್ ಮತ್ತು ಪೆಡಲ್ ಮೂಲಕವೇ ಹಾಯಿಸಿದ. ಆಂಪ್ ಕಾಣಬಾರದು ಅಂತ ಅದರ ಮುಂದೆ ಮಾನಿಟರ್ ಸ್ಪೀಕರ್ ತರ ಕಾಣೋ ಒಂದು ಸುಳ್ಳು ಡಬ್ಬಿ ಇಡಿಸಿದರು. 'ದ ಮ್ಯಾನ್ ಹೂ ಸೋಲ್ಡ್ ದ ವರ್ಲ್ಡ್' ಹಾಡಿನ ಗಿಟಾರ್ ಕೇಳಿ, ಅಲ್ಲಿ ಕರೆಂಟು ಸ್ಪಷ್ಟ ಕೇಳಿಸುತ್ತದೆ. ನನಗಂತೂ ಇದು ಮೋಸ ಅನ್ನಿಸಲಿಲ್ಲ. ಅಂಜಿದ ಮನುಷ್ಯ ಒಂದು ಕೈ ಹಿಡ್ಕೊಂಡೇ ನೀರಿಗಿಳಿತಾನೆ.

ಆ ಹಾಡು ಅವನದಲ್ಲ, ಡೇವಿಡ್ ಬೋವಿಯದು, 1970ರದು. ಆಮೇಲೆ ಬೋವಿ ತನ್ನದೇ ಹಾಡನ್ನ ವೇದಿಕೆ ಮೇಲೆ ಹಾಡಿದರೆ ಹುಡುಗರು ಬಂದು, ನಿರ್ವಾಣದ ಹಾಡು ಹಾಡಿದ್ರಿ, ಭಾಳ ಚಲೋ ಆಯ್ತು ಅಂತಿದ್ದರಂತೆ. ಇದು ನಮಗೆ ಹೊಸದಲ್ಲ ಬಿಡ್ರಿ. ಶಿಶುನಾಳ ಶರೀಫರು ತೀರ್ಕೊಂಡದ್ದು 1889ರಲ್ಲಿ. ಅವರ ಪದಗಳನ್ನ ಎಷ್ಟೋ ಮಂದಿ ಸಿ. ಅಶ್ವತ್ಥರ ಹಾಡು ಅಂತಾರೆ. ನಮ್ಮ ವಯಸ್ಸಿನವರು ರಘು ದೀಕ್ಷಿತ್ ಹಾಡು ಅಂತಾರೆ, 2008ರ ಅವರ ಆಲ್ಬಂನಲ್ಲಿ ಗುಡುಗುಡಿಯ ಪದ ಕೇಳಿದವರು.

ಅಲ್ಲಿಂದಲೇ ನಮ್ಮ ಸೋದರಮಾವನ ಕಥೆಗೆ ಬರ್ತೀನಿ.

ಮಾವ ಕುಷ್ಟಗಿ ತಾಲೂಕಿನವರು. ದಾಳಿಂಬೆ ತೋಟ, ಎರಡು ಎಮ್ಮೆ, ಮತ್ತು ಒಂದು ಏಕತಾರಿ. ಮೂವತ್ತು ವರ್ಷ ಅಮಾವಾಸ್ಯೆ ತಪ್ಪದೆ ಭಜನೆಯಲ್ಲಿ ತತ್ವಪದ ಹಾಡಿದವರು. ನಾನು ರಘು ದೀಕ್ಷಿತರ ಹಾಡು ಹಚ್ಚಿ ಕೇಳಿಸಿದಾಗ ಪೂರ್ತಿ ಕೇಳಿ, "ಹುಡುಗ ಚಲೋ ಹಾಡ್ತಾನ. ಆದ್ರ ಅಂವಗ ಎಲ್ಲೋ ಹೋಗೋದೈತಿ, ಗಡಿಬಿಡಿ ಐತಿ" ಅಂದಿದ್ದರು. ನಮ್ಮ ಆರ್ಕೆಸ್ಟ್ರಾ ಬಗ್ಗೆ ಹೇಳಿದ್ದನ್ನ ಇಲ್ಲಿ ಹೇಳೋಕೆ ಬರೋದಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಅವರ ಮನೆಯಲ್ಲಿದ್ದೆ. ಕರೆಂಟ್ ಹೋಯ್ತು. ಪಡಸಾಲೆಯಲ್ಲಿ ಕೂತು ಮಾವ ಸುಮ್ಮನೆ ಏಕತಾರಿ ತಗೊಂಡರು. ನಾನು ಫೋನ್ ನೆಲದ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದೆ. ಹನ್ನೊಂದು ನಿಮಿಷ. ಮೈಕಿಲ್ಲ, ಮಿಕ್ಸರಿಲ್ಲ. ಮನೆ ಅನ್ನೋದು ಬಾಡಿಗೆಯದು, ಒಂದು ದಿನ ಖಾಲಿ ಮಾಡಬೇಕು ಅನ್ನೋ ಅರ್ಥದ ಪದ. ಎಂಟು ತಿಂಗಳಿಗೆ ಮಾವ ಹೃದಯಾಘಾತವಾಗಿ ತೀರ್ಕೊಂಡರು.

ಆಮೇಲೆ ಆ ರೆಕಾರ್ಡಿಂಗ್ ನಾನು ಕೇಳಿದ ರೀತಿಯೇ ಬೇರೆ. ಮಾವಗ ಮೊದಲೇ ಗೊತ್ತಿತ್ತು, ನನಗೆ ಹೇಳಿ ಹೋದರು ಅನ್ನಿಸೋದು. ಎರಡನೇ ನಿಮಿಷದಲ್ಲಿ ಒಂದು ಕಡೆ ದನಿ ನಡುಗುತ್ತದೆ, ಅಲ್ಲಿಗೆ ಬಂದರೆ ನನ್ನ ಗಂಟಲು ಕಟ್ಟೋದು.

ಜಗತ್ತು 'ಅನ್‌ಪ್ಲಗ್ಡ್' ಕೇಳಿದ್ದೂ ಹೀಗೇ. ರೆಕಾರ್ಡಿಂಗ್ ಆಗಿ ಐದು ತಿಂಗಳಾಗೋದರೊಳಗೆ, 1994ರ ಏಪ್ರಿಲ್‌ನಲ್ಲಿ, ಕೋಬೈನ್ ತನ್ನ ಜೀವ ತಾನೇ ತಗೊಂಡ. ವಯಸ್ಸು 27, ಹೆಚ್ಚೂ ಕಡಿಮೆ ನನ್ನದೇ. ಆಲ್ಬಂ ಹೊರಬಂದದ್ದು ಆ ವರ್ಷದ ನವೆಂಬರ್ 1ರಂದು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನ, ಅಮೆರಿಕದಲ್ಲಿ ಮೊದಲ ವಾರವೇ 3 ಲಕ್ಷಕ್ಕೂ ಹೆಚ್ಚು ಪ್ರತಿ. 1996ರಲ್ಲಿ ಗ್ರ್ಯಾಮಿ. ಕೇಳಿದವರೆಲ್ಲ ಇದು ಅವನ ಶವಯಾತ್ರೆ, ತಾನೇ ಮೊದಲೇ ಮಾಡ್ಕೊಂಡದ್ದು ಅಂದರು. ಅದಕ್ಕೆ ಸಾಕ್ಷಿಯೂ ಐತಿ. ಲಿಲ್ಲಿ, ಕಪ್ಪು ಮೇಣದ ಬತ್ತಿ, ಗಾಜಿನ ತೂಗುದೀಪ, ಎಲ್ಲ ಅವನೇ ಕೇಳಿ ಇಡಿಸಿದ್ದು. ಸತ್ತವರ ಮನೆ ತರಾನಾ ಅಂತ ಕೊಲೆಟ್ಟಿ ಕೇಳಿದ್ದಕ್ಕೆ ಹೌದು, ಅದೇ ಅಂದನಂತೆ.

ಆದರೆ ವಿಡಿಯೋ ಪೂರ್ತಿ ನೋಡಿ. ಮನುಷ್ಯ ಜೋಕ್ ಮಾಡ್ತಾನೆ. ಬೋವಿ ಹಾಡಿಗೆ ಮುಂಚೆ, ಇದನ್ನ ಖಂಡಿತ ಕೆಡಿಸ್ತೀನಿ ಅಂತ ಜನರಿಗೆ ಮೊದಲೇ ಹೇಳ್ತಾನೆ. ಕೊನೆಯ ಹಾಡಿಗೆ ಮುಂಚೆ ಲೆಡ್ ಬೆಲ್ಲಿ ಅನ್ನೋ ಹಳೆಯ ಕರಿಯ ಗಾಯಕನ ಗಿಟಾರ್ ತನಗೆ 5 ಲಕ್ಷ ಡಾಲರ್‌ಗೆ ಮಾರೋಕೆ ಬಂದಿದ್ದರು, ಕೊಡಿಸು ಅಂತ ತನ್ನ ಕಂಪನಿ ಧಣಿಯನ್ನೇ ಕೇಳಿದೆ ಅಂತ ನಗಿಸ್ತಾನೆ. ಇದು ಅಂತ್ಯಕ್ರಿಯೆಯ ಮಾತಲ್ಲ. ಗೆಳೆಯರನ್ನ ಕರೆದು, ಇಷ್ಟದ ಹಾಡು ಆರಿಸಿ, ಹೆದರಿಕೆ ನುಂಗಿ ಕೆಲಸ ಮಾಡ್ತಿರೋ ಒಬ್ಬ ಕಲಾವಿದ. ಅವನಿಗೆ ಖಿನ್ನತೆ ಇತ್ತು, ಹೆರಾಯಿನ್ ಚಟ ಇತ್ತು. ಅವು ಕಾಯಿಲೆ. ಹಾಡಿನ ಸಾಮಗ್ರಿ ಅಲ್ಲ. ಸಾವಿನಿಂದ ಹಾಡು ದೊಡ್ಡದಾಯ್ತು ಅನ್ನೋ ಮಾತು ನನಗೆ ಸಿಟ್ಟು ತರಿಸುತ್ತದೆ. ಅವತ್ತು ಸ್ಟುಡಿಯೋದಲ್ಲಿ ಕೂತು ಕೇಳಿದವರಿಗೆ ಏಪ್ರಿಲ್ ಗೊತ್ತಿರಲಿಲ್ಲ. (ಕೇಳ್ತಿರೋರಲ್ಲಿ ಯಾರಿಗಾದರೂ ಇಂಥ ಭಾರ ಇದ್ದರೆ, ಟೆಲಿ ಮಾನಸ್ 14416ಕ್ಕೆ ಹಚ್ಚಿ. ಪುಕ್ಕಟೆ ಐತಿ, ಕನ್ನಡದಲ್ಲೇ ಮಾತಾಡಬಹುದು.)

ಹಂಗೇ ಮಾವನೂ. ತತ್ವಪದ ಅಂದಮೇಲೆ ಸಾವಿನ ಮಾತು ಇದ್ದೇ ಇರುತ್ತದೆ, ಮೂವತ್ತು ವರ್ಷದಿಂದ ಅದನ್ನೇ ಹಾಡಿದ್ದರು. ಅವತ್ತು ಹಾಡು ಮುಗಿಸಿ ಅವರು ಮಾತಾಡಿದ್ದು ದಾಳಿಂಬೆ ರೇಟಿನ ಬಗ್ಗೆ. ಅದೂ ರೆಕಾರ್ಡ್ ಆಗಿದೆ. ನಾನೇ ಅಷ್ಟನ್ನ ಕತ್ತರಿಸಿ ಕೇಳ್ತಿದ್ದೆ.

ಆ ಕೊನೆಯ ಹಾಡಿನ ಬಗ್ಗೆ ಹೇಳದಿದ್ದರೆ ತಪ್ಪಾಗ್ತದೆ. 'ವೇರ್ ಡಿಡ್ ಯು ಸ್ಲೀಪ್ ಲಾಸ್ಟ್ ನೈಟ್', ಯಾರು ಬರೆದರು ಅಂತ ಇಲ್ಲದ ಹಳೆಯ ಜನಪದ, ಲೆಡ್ ಬೆಲ್ಲಿ ಹಾಡಿ ಹೆಸರಾದದ್ದು. ಕೋಬೈನ್ ಕೆಳದನಿಯಲ್ಲೇ ಸಾಗಿ, ಕೊನೆಯ ಚರಣಕ್ಕೆ ಒಂದು ಸಪ್ತಕ ಮೇಲೆ ಹೋಗ್ತಾನೆ. ದನಿ ಹರಿಯುತ್ತದೆ. ಕೊನೆಯ ಸಾಲಿನ ನಡುವೆ ನಿಂತು, ಕಣ್ಣು ತೆರೆದು, ಒಂದು ಉಸಿರು ಎಳ್ಕೊಂಡು, ಮುಗಿಸ್ತಾನೆ. ಸ್ಟೇಜ್ ಮೇಲಿನ ಎಷ್ಟು ವ್ಯಾಟ್ ಬಾಕ್ಸೂ ಆ ಒಂದು ಉಸಿರಿನಷ್ಟು ಜೋರಿಲ್ಲ. ಇನ್ನೊಂದು ಹಾಡು ಹಾಡು ಅಂತ ಕೇಳಿದರಂತೆ. ಒಲ್ಲೆ ಅಂದ. ಇದರ ಮೇಲೆ ಏನು ಹಾಡೋದು?

ಅವತ್ತು ನುಡಿಸಿದ 1959ರ ಮಾರ್ಟಿನ್ ಗಿಟಾರ್ 2020ರ ಜೂನ್‌ನಲ್ಲಿ ಹರಾಜಾಯ್ತು, 60 ಲಕ್ಷ ಡಾಲರ್‌ಗೆ. ಆಗಿನ ಲೆಕ್ಕದಲ್ಲಿ 45 ಕೋಟಿ ರೂಪಾಯಿಗೂ ಹೆಚ್ಚು. ಬಿ.ಕಾಂನಲ್ಲಿ ನಮಗೆ ಕಲಿಸಿದ್ದು, ಸಾಮಾನಿಗೆ ವರ್ಷಾ ವರ್ಷಾ ಸವಕಳಿ ಕಳೀಬೇಕು ಅಂತ. ಇನ್ನೊಬ್ಬರ ಗಿಟಾರಿನ ಬೆಲೆ ಹೇಳಿ ನಗಿಸಿದವನ ಗಿಟಾರಿಗೆ ಅದರ ಹನ್ನೆರಡು ಪಟ್ಟು.

ಮಿಕ್ಕ ಪರಂಪರೆ ಏನಾಯ್ತು? 'ಅಲಿಸ್ ಇನ್ ಚೈನ್ಸ್' ಅನ್ನೋ ಇನ್ನೊಂದು ಗದ್ದಲದ ಬ್ಯಾಂಡ್ 1996ರಲ್ಲಿ ಇದೇ ದಾರಿಯಲ್ಲಿ ಬಂತು, ಅದೂ ಕೇಳಲೇಬೇಕಾದದ್ದು. ಭಾರತಕ್ಕೆ ಎಂಟಿವಿ ಅನ್‌ಪ್ಲಗ್ಡ್ 2011ರಲ್ಲಿ ಬಂತು. ಈಗ ನೋಡಿ, ಪ್ರತಿ ಸಿನಿಮಾ ಹಾಡಿಗೂ ಒಂದು ಅನ್‌ಪ್ಲಗ್ಡ್ ವರ್ಷನ್ ಐತಿ. ಹಾಡನ್ನ ಅರ್ಧ ಸ್ಪೀಡಿಗೆ ಇಳಿಸಿ, ಬಾವಿಯೊಳಗೆ ಕೂತಂಗ ರಿವರ್ಬ್ ಹಾಕಿ, ಆಟೋಟ್ಯೂನ್ ಮಾಡಿ ರೀಲ್ಸ್‌ಗೆ ಬಿಡೋದು. ಗಿಟಾರ್ ಇದ್ದ ಮಾತ್ರಕ್ಕೆ ಪ್ಲಗ್ ಕಿತ್ತಂಗ ಆಗೋದಿಲ್ಲ. ಬೇಸ್ ಏರಿಸಿ ತಪ್ಪು ಮುಚ್ಚೋದೂ, ರಿವರ್ಬ್ ಹಾಕಿ ಮುಚ್ಚೋದೂ ಒಂದೇ ಕಸುಬು.

ಈ ಕಸುಬನ್ನ ನಾನೂ ಮಾಡಿದೆ. ಮಾವನ ವರ್ಷಾಬ್ದಿಗೆ ಅಂತ ಆ ರೆಕಾರ್ಡಿಂಗನ್ನ ಲ್ಯಾಪ್‌ಟಾಪಿಗೆ ಹಾಕಿ ಸ್ವಚ್ಛ ಮಾಡಿದೆ. ನಾಯಿ ಬೊಗಳಿದ್ದು ತೆಗೆದೆ, ರಸ್ತೆಯ ಬೈಕ್ ತೆಗೆದೆ, ನಡುಗಿದ ಕಡೆ ಸ್ವಲ್ಪ ನೇರ ಮಾಡಿದೆ. ಪೆನ್‌ಡ್ರೈವ್‌ಗೆ ಹಾಕಿ ಯಲಬುರ್ಗಾದಲ್ಲಿ ಮಗಳ ಮನೆಯಲ್ಲಿದ್ದ ಅತ್ತೆಗೆ ಒಯ್ದು ಕೊಟ್ಟೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಕಪ್ಪು ಬಸಿ ಸಪ್ಪಳ ಎಲ್ಲಿ ಹೋತು?" ಅಂದರು.

ನನಗೆ ತಿಳೀಲಿಲ್ಲ. ಮನೆಗೆ ಬಂದು ಹಳೆಯ ಫೈಲ್ ತೆಗೆದು ಕೇಳಿದೆ. ಎರಡನೇ ನಿಮಿಷ, ದನಿ ನಡುಗೋ ಜಾಗ. ಅದಕ್ಕೆ ಸ್ವಲ್ಪ ಮುಂಚೆ ಸಣ್ಣಗೆ ಟಿಣ್ ಅನ್ನುತ್ತದೆ. ಅತ್ತೆ ಕತ್ತಲೆಯಲ್ಲಿ ಚಹಾ ತಂದು ಮಾವನ ಮುಂದೆ ಇಟ್ಟದ್ದು ಅದು. ಮಾವ ಹಾಡುತ್ತಲೇ ಅವರ ಕಡೆ ತಿರುಗಿ ನಕ್ಕಿದ್ದರು, ಅದಕ್ಕೆ ದನಿ ಅಲ್ಲಾಡಿದ್ದು. ನಾನು ಅಲ್ಲೇ ಇದ್ದೆ, ನೋಡಿದ್ದೆ, ಮರೆತುಬಿಟ್ಟಿದ್ದೆ.

ಹಳೆಯ ಫೈಲನ್ನೇ, ನಾಯಿ, ಬೈಕು, ದಾಳಿಂಬೆ ರೇಟು ಎಲ್ಲ ಸೇರಿಸಿ, ಅತ್ತೆಯ ವಾಟ್ಸಾಪಿಗೆ ಕಳಿಸಿದೆ.