ಚಿನ್ನದ ಕಣದಲ್ಲಿ ತೂಗುವ ಬೆಳಕು

ಮಕ್ಕಳೇ, ಚಿನ್ನದ ಬಣ್ಣ ಯಾವುದು ಅಂತ ಕೇಳಿದರೆ ಹಳದಿ ಅಂತೀರಿ. ಸರಿಯೇ. ಆದರೆ ಅದೇ ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿಸಿ ನೀರಿನಲ್ಲಿ ತೇಲಿಬಿಟ್ಟರೆ ನೀರು ಕೆಂಪಗೆ ಕಾಣುತ್ತದೆ! ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರೋಮನ್ನರ ಕಾಲದ, ನಾಲ್ಕನೇ ಶತಮಾನದ ಗಾಜಿನ ಬಟ್ಟಲೊಂದಿದೆ. ಎದುರಿನಿಂದ ಬೆಳಕು ಬಿದ್ದರೆ ಅದು ಹಸಿರು. ಒಳಗೆ ದೀಪವಿಟ್ಟರೆ ಕೆಂಪು. ಆ ಗಾಜಿನಲ್ಲಿ ಬೆಳ್ಳಿ, ಚಿನ್ನದ ಕಣಗಳು ಅಡಗಿ ಕೂತಿವೆ.

ಬನ್ನಿ, ಅಂಥ ಒಂದು ಕಣದೊಳಕ್ಕೆ ಇಳಿಯೋಣ. ಲೋಹದಲ್ಲಿ ಎಲೆಕ್ಟ್ರಾನ್ ಎಂಬ ಪುಟಾಣಿಗಳು ಒಂದೆಡೆ ನಿಲ್ಲದೆ ಓಡಾಡಿಕೊಂಡಿರುತ್ತವೆ. ಬೆಳಕು ಒಂದು ಅಲೆ. ಅದು ಬಂದು ತಾಗಿದಾಗ ಎಲೆಕ್ಟ್ರಾನ್‌ಗಳೆಲ್ಲ ಒಟ್ಟಾಗಿ ಒಮ್ಮೆ ಆಚೆ, ಒಮ್ಮೆ ಈಚೆ ತೂಗತೊಡಗುತ್ತವೆ, ಶಾಲೆಯಂಗಳದ ಉಯ್ಯಾಲೆಯ ಹಾಗೆ. ಅದೂ ಸೆಕೆಂಡಿಗೆ 500 ಲಕ್ಷ ಕೋಟಿಗೂ ಹೆಚ್ಚು ಸಲ! ಬೆಳಕೂ ಆ ತೂಗಾಟದಲ್ಲಿ ಸೇರಿಕೊಂಡು, ದೂರ ಹಾರಿಹೋಗದೆ ಲೋಹದ ಮೈಗೇ ಅಂಟಿಕೊಳ್ಳುತ್ತದೆ. ಇದಕ್ಕೆ ಪ್ಲಾಸ್ಮಾನ್ ಎಂದು ಹೆಸರು.

ಆದರೆ ತಳ್ಳುವವರಿಲ್ಲದಿದ್ದರೆ ಉಯ್ಯಾಲೆ ನಿಲ್ಲುತ್ತದಲ್ಲ? ಇಲ್ಲೂ ಹಾಗೆಯೇ. ಎಲೆಕ್ಟ್ರಾನ್‌ಗಳು ಅಲ್ಲಿ ಇಲ್ಲಿ ಡಿಕ್ಕಿ ಹೊಡೆದು, ಇದ್ದ ಶಕ್ತಿಯೆಲ್ಲ ಬಿಸಿಯಾಗಿ ಸೋರಿಹೋಗುತ್ತದೆ. ಕಣ್ಣು ಮಿಟುಕಿಸುವುದಕ್ಕೆ ಎಷ್ಟೋ ಮೊದಲೇ ಆಟ ಮುಗಿದಿರುತ್ತದೆ.

ಹಾಗಾದರೆ ತಳ್ಳುವವರನ್ನು ಪಕ್ಕದಲ್ಲೇ ನಿಲ್ಲಿಸಿದರೆ? 2003ರಲ್ಲಿ ಡೇವಿಡ್ ಬರ್ಗ್‌ಮನ್ ಮತ್ತು ಮಾರ್ಕ್ ಸ್ಟಾಕ್‌ಮನ್ ಎಂಬ ವಿಜ್ಞಾನಿಗಳು ಹಾಗೆ ಯೋಚಿಸಿದರು. ಅಂಥ ಸಾಧನಕ್ಕೆ ಸ್ಪೇಸರ್ ಎಂದು ಹೆಸರಿಟ್ಟರು. 2009ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಅದನ್ನು ಮಾಡಿಯೇ ತೋರಿಸಿತು.

ಅವರು ಮಾಡಿದ್ದು ಎಷ್ಟು ಚೆಂದ ನೋಡಿ. ನಡುವೆ 14 ನ್ಯಾನೋಮೀಟರ್ ಅಗಲದ ಚಿನ್ನದ ಗುಂಡು. ಅದರ ಸುತ್ತ ಗಾಜಿನಂಥ ಸಿಲಿಕಾದ ಹೊದಿಕೆ. ಹೊದಿಕೆಯ ತುಂಬ ಬಣ್ಣದ ಅಣುಗಳು. ಎಲ್ಲ ಸೇರಿ 44 ನ್ಯಾನೋಮೀಟರ್. ನಿಮ್ಮ ತಲೆಗೂದಲಿನ ಅಗಲಕ್ಕೆ ಇಂಥವನ್ನು ಸಾವಿರಕ್ಕೂ ಹೆಚ್ಚು ಸಾಲಾಗಿ ಜೋಡಿಸಬಹುದು.

ಈಗ ನೀಲಿ ಲೇಸರ್ ಬೆಳಕು ಬಿಟ್ಟರೆ ಬಣ್ಣದ ಅಣುಗಳು ಅದನ್ನು ಹೀರಿ ಶಕ್ತಿ ತುಂಬಿಕೊಳ್ಳುತ್ತವೆ. ಪಕ್ಕದಲ್ಲಿ ಪ್ಲಾಸ್ಮಾನ್ ತೂಗುತ್ತಿದ್ದಂತೆ ಅವು ಒಂದೊಂದಾಗಿ ಆ ಶಕ್ತಿಯನ್ನು ಅದಕ್ಕೆ ಕೊಟ್ಟುಬಿಡುತ್ತವೆ. ಹೇಗೆಂದರೆ ಹಾಗಲ್ಲ, ಅದೇ ತಾಳಕ್ಕೆ ಸರಿಯಾಗಿ! ತೂಗಾಟ ಜೋರಾದಷ್ಟೂ ಹೆಚ್ಚು ಅಣುಗಳು ಕೈಜೋಡಿಸುತ್ತವೆ; ಕೈಜೋಡಿಸಿದಷ್ಟೂ ತೂಗಾಟ ಇನ್ನೂ ಜೋರು. ಸೋರಿಹೋಗುವುದಕ್ಕಿಂತ ಸೇರುವುದೇ ಹೆಚ್ಚಾದಾಗ ಗುಂಡಿನಿಂದ ಹಸಿರು ಬೆಳಕು ಹೊಮ್ಮುತ್ತದೆ.

ಆ ಹಸಿರು ಬೆಳಕಿನ ಒಂದು ಅಲೆಯ ಉದ್ದ 531 ನ್ಯಾನೋಮೀಟರ್. ಅಂದರೆ, ತನ್ನನ್ನು ಹೊರಡಿಸಿದ, ಹೊದಿಕೆಯೂ ಸೇರಿದ ಇಡೀ ಗುಂಡಿನ ಅಗಲದ ಸುಮಾರು ಹನ್ನೆರಡು ಪಟ್ಟು.